ಕಪ್ಪು ಬಳಿದ ನಕ್ಷೆಯಿಂದ ಒಂದೇ ಪಠ್ಯಪುಸ್ತಕದವರೆಗೆ

ಫ್ರೆಂಚ್ ಕಥೆಗಾರ ಆಲ್ಫೋನ್ಸ್ ದೋದೆ ಬರೆದ 'ಕೊನೆಯ ಪಾಠ' ಎಂಬ ಪುಟ್ಟ ಕಥೆಯನ್ನು ನಮ್ಮ ಅನೇಕ ವಿದ್ಯಾರ್ಥಿಗಳು ಬಲ್ಲರು. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಅದನ್ನು ಓದಿ, ಪ್ರಶ್ನೋತ್ತರ ಬರೆದು ಪರೀಕ್ಷೆ ದಾಟಿದವರು ಸಾವಿರಾರು ಮಂದಿ. ಅಲ್ಸೇಸ್ ಪ್ರಾಂತದ ಒಂದು ಹಳ್ಳಿ ಶಾಲೆ. ಯುದ್ಧದಲ್ಲಿ ಫ್ರಾನ್ಸ್ ಸೋತಿದೆ. ನಾಳೆಯಿಂದ ಶಾಲೆಯಲ್ಲಿ ಜರ್ಮನ್ ಭಾಷೆಯನ್ನು ಮಾತ್ರ ಕಲಿಸಬೇಕೆಂದು ಬರ್ಲಿನ್‌ನಿಂದ ಆಜ್ಞೆ ಬಂದಿದೆ. ಹಾಮೆಲ್ ಮೇಷ್ಟ್ರು ಹಬ್ಬದ ಉಡುಪು ತೊಟ್ಟು ಬಂದು ಫ್ರೆಂಚ್ ಭಾಷೆಯ ಕೊನೆಯ ಪಾಠ ಮಾಡುತ್ತಾರೆ. ಹಿಂದಿನ ಬೆಂಚಿನಲ್ಲಿ ಊರಿನ ಹಿರಿಯರು ಕುಳಿತು ಕೇಳುತ್ತಾರೆ. ಕಥೆ ಓದಿದವರ ಗಂಟಲು ಕಟ್ಟುವುದು ಸಹಜ.

ಆದರೆ ಕಥೆ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಆ ಕಾಲದಲ್ಲಿ ಅಲ್ಸೇಸಿನ ಬಹುಪಾಲು ಹಳ್ಳಿಗಳ ಮನೆಮಾತು ಫ್ರೆಂಚ್ ಆಗಿರಲಿಲ್ಲ. ಜರ್ಮನ್ ಭಾಷೆಗೆ ಹತ್ತಿರವಾದ ಒಂದು ಆಡುನುಡಿಯಾಗಿತ್ತು. ಹಾಗೆಂದು ಆ ಜನ ಜರ್ಮನಿಗೆ ಸೇರಲು ತುದಿಗಾಲಲ್ಲಿ ನಿಂತಿದ್ದರೇ? ಅದೂ ಇಲ್ಲ. ಮನೆಯಲ್ಲಿ ಆಡುವ ಮಾತು ಒಂದು, ಮನಸ್ಸು ಒಪ್ಪಿದ ದೇಶ ಇನ್ನೊಂದು. ಈ ಗಂಟನ್ನು ಬಿಡಿಸುವ ತಾಳ್ಮೆ ಪ್ಯಾರಿಸ್ಸಿಗೂ ಇರಲಿಲ್ಲ, ಬರ್ಲಿನ್ನಿಗೂ ಇರಲಿಲ್ಲ. 1865ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಹುಟ್ಟಿ ಎಂಬತ್ತು ವರ್ಷ ಬದುಕಿದ ಒಬ್ಬ ವ್ಯಕ್ತಿಯನ್ನು ಊಹಿಸಿಕೊಳ್ಳಿ. ಹುಟ್ಟುವಾಗ ಅವನು ಫ್ರೆಂಚ್ ಪ್ರಜೆ. 1871ರಲ್ಲಿ ಜರ್ಮನ್. 1918ರಲ್ಲಿ ಮತ್ತೆ ಫ್ರೆಂಚ್. 1940ರಲ್ಲಿ ಹಿಟ್ಲರನ ಆಡಳಿತಕ್ಕೆ ಸಿಕ್ಕು ಪುನಃ ಜರ್ಮನಿಯ ಪಾಲು. 1944ರ ಕೊನೆಯಲ್ಲಿ ಮತ್ತೊಮ್ಮೆ ಫ್ರೆಂಚ್. ಮನೆ ಬದಲಿಸದೆ, ಬೀದಿ ಬದಲಿಸದೆ ನಾಲ್ಕು ಸಲ ದೇಶ ಬದಲಾಯಿಸಿದ ಭಾಗ್ಯ ಅವನದು!

ತರಗತಿಯಲ್ಲಿ ಬಿತ್ತಿದ ಹಗೆ

ಪ್ರಷ್ಯ ಮತ್ತು ಫ್ರಾನ್ಸ್ ನಡುವಿನ 1870-71ರ ಯುದ್ಧ ಒಂದು ವರ್ಷವೂ ನಡೆಯಲಿಲ್ಲ. ಅದು ಉಳಿಸಿಹೋದ ನೋವು ಮಾತ್ರ ಎರಡು ತಲೆಮಾರಿಗೆ ಸಾಕಾಯಿತು. 1871ರ ಜನವರಿ 18ರಂದು ಗೆದ್ದ ಜರ್ಮನ್ನರು ತಮ್ಮ ಹೊಸ ಸಾಮ್ರಾಜ್ಯವನ್ನು ಘೋಷಿಸಿದ್ದು ಬರ್ಲಿನ್‌ನಲ್ಲಿ ಅಲ್ಲ, ಫ್ರೆಂಚ್ ರಾಜರ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ. ಅದೇ ವರ್ಷ ಮೇ 10ರ ಫ್ರಾಂಕ್‌ಫರ್ಟ್ ಒಪ್ಪಂದದಂತೆ ಅಲ್ಸೇಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಗೆ ಹೋಯಿತು. ಅದರ ಮೇಲೆ 500 ಕೋಟಿ ಫ್ರಾಂಕ್ ದಂಡ. ಫ್ರೆಂಚರು ಸಾಲಪತ್ರಗಳ ಮೂಲಕ ಹಣ ಒಟ್ಟುಗೂಡಿಸಿ 1873ರಲ್ಲೇ, ಗಡುವಿಗೆ ಮೊದಲೇ, ದಂಡ ತೀರಿಸಿಬಿಟ್ಟರು. ಹಣ ತೀರಿತು, ಸೇಡು ತೀರಲಿಲ್ಲ.

ಪ್ಯಾರಿಸ್ಸಿನ ಕಾಂಕಾರ್ಡ್ ಚೌಕದಲ್ಲಿ ಫ್ರಾನ್ಸಿನ ದೊಡ್ಡ ನಗರಗಳನ್ನು ಪ್ರತಿನಿಧಿಸುವ ಸ್ತ್ರೀ ವಿಗ್ರಹಗಳಿವೆ. ಅವುಗಳಲ್ಲಿ ಸ್ಟ್ರಾಸ್‌ಬರ್ಗ್‌ನ ವಿಗ್ರಹಕ್ಕೆ ಕರಿಯ ಬಟ್ಟೆ ಹೊದಿಸಿ ದಶಕಗಳ ಕಾಲ ಶೋಕ ಆಚರಿಸಿದರು. ಶಾಲೆಗಳೂ ಹಿಂದೆ ಬೀಳಲಿಲ್ಲ. ಆಲ್ಬರ್ಟ್ ಬೆತಾನಿಯೆ ಎಂಬ ಚಿತ್ರಕಾರ 1887ರಲ್ಲಿ ಬಿಡಿಸಿದ ವರ್ಣಚಿತ್ರವೊಂದರಲ್ಲಿ ಶಾಲೆಯ ಮೇಷ್ಟ್ರು ಗೋಡೆಯ ಮೇಲಿನ ನಕ್ಷೆಗೆ ಕೋಲು ಮುಟ್ಟಿಸಿ ನಿಂತಿದ್ದಾರೆ. ನಕ್ಷೆಯಲ್ಲಿ ಅಲ್ಸೇಸ್-ಲೊರೇನ್ ಇರುವ ಜಾಗಕ್ಕೆ ಕಪ್ಪು ಬಳಿದಿದೆ. ಚಿತ್ರದ ಹೆಸರೇ 'ಕಪ್ಪು ಕಲೆ'. 1877ರಲ್ಲಿ ಹೊರಬಂದ ಒಂದು ಶಾಲಾ ವಾಚನ ಪುಸ್ತಕದಲ್ಲಿ, ಜರ್ಮನಿಯ ಪಾಲಾದ ಲೊರೇನಿನಿಂದ ಹೊರಟ ಇಬ್ಬರು ಅನಾಥ ಬಾಲಕರು ಫ್ರೆಂಚ್ ಪ್ರಜೆಗಳಾಗಿಯೇ ಉಳಿಯಲೆಂದು ಇಡೀ ಫ್ರಾನ್ಸ್ ಸುತ್ತುತ್ತಾರೆ. ಭೂಗೋಳ, ಕೈಗಾರಿಕೆ, ದೇಶಭಕ್ತಿ ಎಲ್ಲವನ್ನೂ ಕಥೆಯಲ್ಲೇ ಬೆರೆಸಿದ ಆ ಪುಸ್ತಕ 1901ರ ಹೊತ್ತಿಗೆ 60 ಲಕ್ಷ ಪ್ರತಿ ಮಾರಾಟವಾಗಿತ್ತು. ಗಡಿಯಾಚೆಯ ಜರ್ಮನ್ ಮಕ್ಕಳು ಪ್ರತಿ ಸೆಪ್ಟೆಂಬರ್ 2ರಂದು, ಫ್ರೆಂಚ್ ಚಕ್ರವರ್ತಿ ಸೆಡಾನ್‌ನಲ್ಲಿ ಸೋತ ದಿನವನ್ನು, ಹಬ್ಬವೆಂದು ಆಚರಿಸುತ್ತಿದ್ದರು. 1914ರಲ್ಲಿ ಬಂದೂಕು ಹೊತ್ತು ನಡೆದವರು ಈ ಎರಡು ಬಗೆಯ ತರಗತಿಗಳಲ್ಲಿ ಕುಳಿತೆದ್ದು ಬಂದ ಮಕ್ಕಳೇ.

ಪಂಡಿತರೂ ಈ ಜ್ವರದಿಂದ ಪಾರಾಗಲಿಲ್ಲ. ಲೂಯಿ ಪಾಶ್ಚರ್‌ಗೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯ 1868ರಲ್ಲಿ ವೈದ್ಯಕೀಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. 1871ರ ಜನವರಿಯಲ್ಲಿ ಪಾಶ್ಚರ್ ಸಿಟ್ಟಿನ ಪತ್ರದೊಂದಿಗೆ ಅದನ್ನು ಹಿಂದಿರುಗಿಸಿದರು. ಮೊದಲನೆಯ ಮಹಾಯುದ್ಧದ ನಂತರವೂ ಅಂತರರಾಷ್ಟ್ರೀಯ ವಿಜ್ಞಾನ ಸಂಸ್ಥೆಗಳು ಜರ್ಮನ್ ವಿಜ್ಞಾನಿಗಳನ್ನು ಹಲವು ವರ್ಷ ಹೊರಗಿಟ್ಟವು. ಇಂಥ ದಿನಗಳಲ್ಲಿ, 1922ರಲ್ಲಿ, ಪಾಲ್ ಲಾಂಜೆವಾ ಎಂಬ ಭೌತವಿಜ್ಞಾನಿ ಧೈರ್ಯ ಮಾಡಿ ಐನ್‌ಸ್ಟೈನ್‌ರನ್ನು ಪ್ಯಾರಿಸ್ಸಿಗೆ ಕರೆಸಿದರು. ವಿಜ್ಞಾನ ಅಕಾಡೆಮಿಯ ಕೆಲವು ಸದಸ್ಯರು ಆತ ಒಳಗೆ ಬಂದರೆ ತಾವು ಎದ್ದು ಹೋಗುತ್ತೇವೆಂದು ಹಟ ಹಿಡಿದರಂತೆ. ಐನ್‌ಸ್ಟೈನ್ ಅಕಾಡೆಮಿಗೆ ಹೋಗಲಿಲ್ಲ. ಬದಲಿಗೆ ಗೆಳೆಯರೊಂದಿಗೆ ರೀಮ್ಸ್ ಸುತ್ತಲಿನ ಹಾಳು ಯುದ್ಧಭೂಮಿಯನ್ನು ನೋಡಿಬಂದರು. ಜರ್ಮನಿಯ ವಿದ್ಯಾರ್ಥಿಗಳನ್ನೆಲ್ಲ ಇಲ್ಲಿಗೆ ಕರೆತಂದು ತೋರಿಸಬೇಕು ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರೆಂದು ಜೊತೆಗಿದ್ದವರು ಬರೆದಿಟ್ಟಿದ್ದಾರೆ.

ಒಂದೇ ಸಭಾಂಗಣ, ಒಂದೇ ರೈಲು ಡಬ್ಬಿ

ಸೇಡಿಗೆ ಅದರದೇ ಆದ ಶಾಸ್ತ್ರ, ಸಂಪ್ರದಾಯಗಳಿವೆ. 1919ರ ಜೂನ್ 28ರಂದು ಸೋತ ಜರ್ಮನಿಯ ಪ್ರತಿನಿಧಿಗಳಿಂದ ಸಹಿ ಹಾಕಿಸಲು ಫ್ರೆಂಚರು ಆರಿಸಿದ್ದು ವರ್ಸೇಲ್ಸಿನ ಅದೇ ಕನ್ನಡಿ ಸಭಾಂಗಣವನ್ನು. ಅದಕ್ಕೂ ಮುಂಚೆ, 1918ರ ನವೆಂಬರ್ 11ರಂದು, ಕದನವಿರಾಮಕ್ಕೆ ಸಹಿ ಬಿದ್ದದ್ದು ಕೊಂಪಿಯೇನ್ ಕಾಡಿನಲ್ಲಿ ನಿಲ್ಲಿಸಿದ್ದ ಒಂದು ರೈಲು ಡಬ್ಬಿಯಲ್ಲಿ. 1940ರ ಜೂನ್ 22ರಂದು ಹಿಟ್ಲರನ ಆಜ್ಞೆಯಂತೆ ಅದೇ ಡಬ್ಬಿಯನ್ನು ವಸ್ತುಸಂಗ್ರಹಾಲಯದಿಂದ ಎಳೆತಂದು, ಅದೇ ಜಾಗದಲ್ಲಿ ನಿಲ್ಲಿಸಿ, ಈ ಸಲ ಫ್ರೆಂಚರಿಂದ ಸಹಿ ಪಡೆದರು. ಆಮೇಲೆ ಡಬ್ಬಿಯನ್ನು ಜರ್ಮನಿಗೆ ಸಾಗಿಸಿದರು. 1945ರಲ್ಲಿ ಅದು ನಾಶವಾಯಿತು.

ಅಲ್ಸೇಸಿನ ಜನರ ಪಾಡು ಹೇಳತೀರದು. 1918ರ ನಂತರ ಫ್ರೆಂಚ್ ಆಡಳಿತ ಅವರಿಗೆ ವಂಶಾವಳಿ ನೋಡಿ ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆಯ ಗುರುತುಚೀಟಿ ಹಂಚಿತು. ಜರ್ಮನಿಯಿಂದ ಬಂದು ನೆಲೆಸಿದ್ದ ಡಿ ದರ್ಜೆಯವರಲ್ಲಿ ಸಹಸ್ರಾರು ಕುಟುಂಬಗಳು ಕೈಗೆ ಸಿಕ್ಕ ಗಂಟಿನೊಂದಿಗೆ ರೈನ್ ನದಿ ದಾಟಬೇಕಾಯಿತು. 1940ರಲ್ಲಿ ನಾತ್ಸಿಗಳು ಬಂದು ಫ್ರೆಂಚ್ ಮಾತನ್ನೂ, ಫ್ರೆಂಚರ ದುಂಡು ಟೋಪಿಯನ್ನೂ ನಿಷೇಧಿಸಿದರು. 1942ರಿಂದ ಅಲ್ಸೇಸ್ ಮತ್ತು ಮೊಸೆಲ್ ಪ್ರದೇಶದ ಸುಮಾರು 1,30,000 ಯುವಕರನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಿ, ಬಹುತೇಕರನ್ನು ರಷ್ಯದ ರಣರಂಗಕ್ಕೆ ಅಟ್ಟಿದರು. ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಮರಳಲಿಲ್ಲ. 'ನಮ್ಮ ಇಚ್ಛೆಗೆ ವಿರುದ್ಧವಾಗಿ' ಎಂಬರ್ಥದ ಹೆಸರಿನಿಂದಲೇ ಅಲ್ಲಿ ಇಂದಿಗೂ ಅವರನ್ನು ಕರೆಯುತ್ತಾರೆ.

ಅದಿರು ಇಲ್ಲಿ, ಕಲ್ಲಿದ್ದಲು ಅಲ್ಲಿ

ಈ ಜಗಳದ ಹಿಂದೆ ಭಾವನೆಯಷ್ಟೇ ಅಲ್ಲ, ರಸಾಯನಶಾಸ್ತ್ರವೂ ಇದೆ. ಊದುಕುಲುಮೆಯ ಪಾಠ ಓದಿದ ಹೈಸ್ಕೂಲು ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಬ್ಬಿಣದ ಅದಿರೊಂದೇ ಇದ್ದರೆ ಕಬ್ಬಿಣ ಬರುವುದಿಲ್ಲ, ಕೋಕ್ ಬೇಕು. ಕೋಕ್ ಉರಿದು ಶಾಖ ಕೊಡುತ್ತದೆ, ಅದರಿಂದ ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ಅದಿರಿನ ಆಕ್ಸಿಜನ್ ಕಿತ್ತುಕೊಂಡು ಲೋಹವನ್ನು ಬಿಡಿಸುತ್ತದೆ. ಲೊರೇನಿನ ನೆಲದಲ್ಲಿ ಅದಿರು ಹೇರಳ. ಕೋಕ್ ಆಗಬಲ್ಲ ಉತ್ತಮ ಕಲ್ಲಿದ್ದಲು ಇದ್ದದ್ದು ಜರ್ಮನಿಯ ರೂರ್ ಕಣಿವೆಯಲ್ಲಿ.

1871ರಲ್ಲಿ ಗಡಿ ಎಳೆದಾಗ ಲೊರೇನಿನ ಅದಿರಿಗೆ ಅಷ್ಟೊಂದು ಬೆಲೆ ಇರಲಿಲ್ಲ. ಅದರಲ್ಲಿ ರಂಜಕದ ಅಂಶ ಹೆಚ್ಚು. ರಂಜಕ ಬೆರೆತ ಉಕ್ಕು ಚಳಿಯಲ್ಲಿ ಗಾಜಿನಂತೆ ಸಿಡಿಯುತ್ತದೆ. ಈ ತೊಡಕನ್ನು ಬಿಡಿಸಿದವನು ಲಂಡನ್ನಿನ ನ್ಯಾಯಾಲಯವೊಂದರ ಗುಮಾಸ್ತ, ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ಹಗಲು ಕಚೇರಿ, ಸಂಜೆ ರಸಾಯನಶಾಸ್ತ್ರದ ಪಾಠ. ಕುಲುಮೆಯ ಒಳಗೋಡೆಗೆ ಡಾಲಮೈಟ್‌ನಂಥ ಪ್ರತ್ಯಾಮ್ಲೀಯ ಇಟ್ಟಿಗೆ ಹಾಕಿ, ಸುಣ್ಣ ಸೇರಿಸಿದರೆ ರಂಜಕ ಸುಣ್ಣದೊಂದಿಗೆ ಕೂಡಿ ಕಿಟ್ಟವಾಗಿ ತೇಲುತ್ತದೆ ಎಂದು ಅವನು, ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟ್ ಜೊತೆಗೂಡಿ, 1878ರ ಸುಮಾರಿಗೆ ತೋರಿಸಿಕೊಟ್ಟ. ಆ ಕಿಟ್ಟವನ್ನು ಪುಡಿ ಮಾಡಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ! ಥಾಮಸ್ 34ರ ವಯಸ್ಸಿನಲ್ಲೇ ತೀರಿಕೊಂಡ. ಅವನ ವಿಧಾನ ಮಾತ್ರ ಲೊರೇನಿನ ಕೆಮ್ಮಣ್ಣನ್ನು ರಾತ್ರೋರಾತ್ರಿ ನಿಧಿಯನ್ನಾಗಿಸಿತು. ಅಲ್ಲಿಂದ ಮುಂದೆ ಜರ್ಮನಿಯ ಕಣ್ಣು ಫ್ರಾನ್ಸಿನ ಅದಿರಿನ ಮೇಲೆ, ಫ್ರಾನ್ಸಿನ ಕಣ್ಣು ಜರ್ಮನಿಯ ಕಲ್ಲಿದ್ದಲಿನ ಮೇಲೆ. ಯುದ್ಧಪರಿಹಾರ ಬಾಕಿಯಾಯಿತೆಂದು 1923ರಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ನುಗ್ಗಿದ್ದೂ ರೂರ್ ಕಣಿವೆಗೇ.

ಹೀಗೆ ನೋಡಿದಾಗ 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಮಾಡಿದ ಘೋಷಣೆಯ ಜಾಣತನ ಅರ್ಥವಾಗುತ್ತದೆ. ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಮೇಲಾಡಳಿತದ ಕೈಗೆ ಒಪ್ಪಿಸಬೇಕು, ಸೇರಬಯಸುವ ಬೇರೆ ದೇಶಗಳೂ ಸೇರಬಹುದು ಎಂಬುದು ಅದರ ತಿರುಳು. ಯೋಜನೆಯ ಕರಡು ಜ್ಯಾಂ ಮೊನೆ ಅವರದು. 'ಇನ್ನು ಜಗಳ ಬೇಡ' ಎಂದು ಉಪದೇಶ ಮಾಡುವುದರ ಬದಲು, ಫಿರಂಗಿ ಎರಕ ಹೊಯ್ಯುವ ಕುಲುಮೆಗೇ ಜಂಟಿ ಲೆಕ್ಕ ಬರೆಯುವ ಉಪಾಯ ಇದು. ಗುಟ್ಟಾಗಿ ಉಕ್ಕು ಕೂಡಿಡುವವನಿಗೆ ಗುಟ್ಟಾಗಿ ಯುದ್ಧಕ್ಕೆ ಸಿದ್ಧನಾಗಲು ಸಾಧ್ಯ. ನೆರೆಯವನೂ ಕಡತ ನೋಡುತ್ತಿದ್ದರೆ ಆಗದು.

ಶೂಮನ್ ಅವರ ಬದುಕೇ ಗಡಿನಾಡಿನ ಕಥೆ. ತಂದೆ ಲೊರೇನಿನವರು, 1871ರ ನಂತರ ಜರ್ಮನ್ ಪ್ರಜೆಯಾದವರು. ಮಗ ಹುಟ್ಟಿದ್ದು 1886ರಲ್ಲಿ ಲಕ್ಸೆಂಬರ್ಗ್‌ನಲ್ಲಿ, ಕಾನೂನು ಓದಿದ್ದು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ. ಮೊದಲನೆಯ ಮಹಾಯುದ್ಧದ ಬಳಿಕ ಫ್ರೆಂಚ್ ಸಂಸತ್ ಸದಸ್ಯ. 1940ರಲ್ಲಿ ಗೆಸ್ಟಾಪೊ ಪೊಲೀಸರ ಬಂಧನ, 1942ರಲ್ಲಿ ಅವರ ಕಣ್ಣು ತಪ್ಪಿಸಿ ಪಲಾಯನ. ಆಗಿನ ಜರ್ಮನ್ ಚಾನ್ಸಲರ್ ಕೊನ್ರಾಡ್ ಅಡೆನಾವರ್ ರೈನ್ ತೀರದವರು. ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಆಸ್ಟ್ರಿಯದ ಆಳ್ವಿಕೆಯ ಪ್ರದೇಶದಲ್ಲಿ ಹುಟ್ಟಿ ವಿಯೆನ್ನದಲ್ಲಿ ಕಲಿತವರು. ಮೂವರೂ ದುಭಾಷಿಯ ಹಂಗಿಲ್ಲದೆ ಜರ್ಮನ್ ಭಾಷೆಯಲ್ಲೇ ಮಾತಾಡಿಕೊಳ್ಳಬಲ್ಲವರಾಗಿದ್ದರು. ಗಡಿಯ ಪೆಟ್ಟು ತಿಂದವರಿಗೆ ಗಡಿಯ ಬೆಲೆ ಗೊತ್ತಿರುತ್ತದೆ.

ವಿರೋಧವೇನೂ ಕಡಿಮೆ ಇರಲಿಲ್ಲ. ಫ್ರಾನ್ಸಿನಲ್ಲಿ ಕಮ್ಯುನಿಸ್ಟರು ಮತ್ತು ಡಿ ಗಾಲ್ ಅನುಯಾಯಿಗಳು, ಜರ್ಮನಿಯಲ್ಲಿ ಸೋಷಿಯಲ್ ಡೆಮಾಕ್ರಾಟರು ತಕರಾರು ತೆಗೆದರು. ಆದರೂ 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಈ ಆರು ದೇಶಗಳು ಸಹಿ ಹಾಕಿದವು. ಇಂದಿನ ಐರೋಪ್ಯ ಒಕ್ಕೂಟದ ಬೇರು ಅಲ್ಲಿದೆ. ಕಲ್ಲಿದ್ದಲಿನ ಸಾರ್ ಪ್ರದೇಶದ ವ್ಯಾಜ್ಯವೂ ಮತಪೆಟ್ಟಿಗೆಯಲ್ಲಿ ಮುಗಿಯಿತು. 1955ರ ಅಕ್ಟೋಬರ್‌ನಲ್ಲಿ ಅಲ್ಲಿನ ಮತದಾರರಲ್ಲಿ ಮೂರನೆಯ ಎರಡು ಪಾಲು ಜನ, ಫ್ರಾನ್ಸ್ ಒಪ್ಪಿದ್ದ ಪ್ರತ್ಯೇಕ ವ್ಯವಸ್ಥೆಯನ್ನು ತಿರಸ್ಕರಿಸಿದರು. ಫ್ರಾನ್ಸ್ ತಲೆಬಾಗಿತು. 1957ರ ಜನವರಿ 1ರಂದು ಸಾರ್ ಜರ್ಮನಿಗೆ ಸೇರಿತು. ಒಂದು ಗುಂಡೂ ಹಾರಲಿಲ್ಲ.

ಯಾವ ಅದಿರಿಗಾಗಿ, ಯಾವ ಇದ್ದಲಿಗಾಗಿ ಇಷ್ಟೆಲ್ಲ ನಡೆಯಿತೋ ಆ ಗಣಿಗಳು ಈಗ ಇಲ್ಲ. ಲೊರೇನಿನ ಕೊನೆಯ ಕಬ್ಬಿಣದ ಗಣಿ 1997ರಲ್ಲಿ, ಫ್ರಾನ್ಸಿನ ಕೊನೆಯ ಕಲ್ಲಿದ್ದಲು ಗಣಿ 2004ರಲ್ಲಿ, ರೂರ್ ಕಣಿವೆಯ ಕೊನೆಯದು 2018ರಲ್ಲಿ ಮುಚ್ಚಿದವು.

ಮೇಯರ್‌ಗಳು, ಮಕ್ಕಳು

1950ರಲ್ಲಿ ಫ್ರಾನ್ಸಿನ ಮೊಂಬೆಲಿಯಾರ್ ಮತ್ತು ಜರ್ಮನಿಯ ಲುಡ್‌ವಿಗ್ಸ್‌ಬರ್ಗ್ ಪಟ್ಟಣಗಳು ಸೋದರ ನಗರಗಳಾದವು. ಎರಡು ದೇಶಗಳ ನಡುವಿನ ಇಂಥ ಮೊದಲ ನಂಟು ಅದು. ಇದಕ್ಕೆ ಮುಂದೆ ಬಂದ ಮೊಂಬೆಲಿಯಾರ್‌ನ ಮೇಯರ್ ಲೂಸಿಯಾಂ ತಾರಾದ್ಯಾಂ ಸ್ವತಃ ಬುಚೆನ್‌ವಾಲ್ಡ್ ಎಂಬ ನಾತ್ಸಿ ಯಾತನಾ ಶಿಬಿರದಿಂದ ಬದುಕಿ ಬಂದವರು. ಅಲ್ಲಿಂದ ಹಿಂದಿರುಗಿ ಐದೇ ವರ್ಷಕ್ಕೆ ಅವರು ಜರ್ಮನ್ನರತ್ತ ಕೈ ಚಾಚಿದರು. ಈಗ ಇಂಥ ಜೋಡಿ ಊರುಗಳು ಎರಡು ಸಾವಿರಕ್ಕೂ ಹೆಚ್ಚಿವೆ.

ನಾಯಕರ ಸರದಿ ಆಮೇಲೆ ಬಂತು. 1962ರ ಜುಲೈ 8ರಂದು ಡಿ ಗಾಲ್ ಮತ್ತು ಅಡೆನಾವರ್ ರೀಮ್ಸ್‌ನ ಮಹಾ ಇಗರ್ಜಿಯಲ್ಲಿ ಪಕ್ಕಪಕ್ಕ ನಿಂತು ಪ್ರಾರ್ಥಿಸಿದರು. 1914ರಲ್ಲಿ ಜರ್ಮನ್ ಫಿರಂಗಿಗಳ ಬೆಂಕಿಗೆ ತುತ್ತಾಗಿದ್ದ ಇಗರ್ಜಿ ಅದು. 1945ರಲ್ಲಿ ಜರ್ಮನ್ ಸೇನೆಯ ಶರಣಾಗತಿಗೆ ಸಹಿ ಬಿದ್ದದ್ದೂ ಅದೇ ಊರಿನಲ್ಲಿ. ಎರಡೇ ತಿಂಗಳ ಬಳಿಕ ಡಿ ಗಾಲ್ ಲುಡ್‌ವಿಗ್ಸ್‌ಬರ್ಗ್‌ಗೆ ಹೋಗಿ ಜರ್ಮನ್ ಯುವಜನರನ್ನು ಉದ್ದೇಶಿಸಿ ಜರ್ಮನ್ ಭಾಷೆಯಲ್ಲೇ ಭಾಷಣ ಮಾಡಿದರು. ಕಲ್ಲಿದ್ದಲು ಒಪ್ಪಂದವನ್ನು ಒಮ್ಮೆ ವಿರೋಧಿಸಿದ್ದ ಮನುಷ್ಯನೇ 1963ರ ಜನವರಿ 22ರಂದು ಎಲಿಸೀ ಒಪ್ಪಂದಕ್ಕೆ ಸಹಿ ಹಾಕಿದ್ದು. ವರ್ಷಕ್ಕೆ ಕನಿಷ್ಠ ಎರಡು ಬಾರಿ ನಾಯಕರು ಭೇಟಿಯಾಗಬೇಕೆಂಬ ನಿಯಮಕ್ಕಿಂತ ದೂರ ಹೋದದ್ದು ಆ ಒಪ್ಪಂದದ ಯುವಜನರ ಕುರಿತಾದ ಭಾಗವೇ ಎನ್ನಬೇಕು. ಅದರಂತೆ ಅದೇ ವರ್ಷ ಜುಲೈನಲ್ಲಿ ಸ್ಥಾಪನೆಯಾದ ಫ್ರಾನ್ಸ್-ಜರ್ಮನಿ ಯುವಜನ ಕಚೇರಿ ಇದುವರೆಗೆ 90 ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ನದಿಯ ಆಚೆಗೆ ಈಚೆಗೆ ಕಳಿಸಿದೆ. ವಿದ್ಯಾರ್ಥಿ ವಿನಿಮಯದಲ್ಲಿ ಹೋದವರು ಹೋಟೆಲಿನಲ್ಲಿ ಅಲ್ಲ, ಸಹಪಾಠಿಯ ಮನೆಯಲ್ಲಿ ಇಳಿಯುವುದು ವಾಡಿಕೆ. ಅಜ್ಜನನ್ನು ಕೊಂದ ದೇಶದ ಹುಡುಗ ಅಜ್ಜಿಯ ಅಡುಗೆಮನೆಯ ಮೇಜಿಗೆ ಬಂದು ಕೂರುವುದೆಂದರೆ ಅಜ್ಜಿಗೂ ಪರೀಕ್ಷೆ, ಹುಡುಗನಿಗೂ ಪರೀಕ್ಷೆ.

ವರ್ಡನ್ ಎಂಬಲ್ಲಿ 1916ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ನಡೆದ ಒಂದೇ ಕಾಳಗದಲ್ಲಿ ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಮಂದಿ ಸತ್ತರು. ಗುರುತು ಸಿಗದ ಸುಮಾರು 1,30,000 ಸೈನಿಕರ ಮೂಳೆಗಳನ್ನು ಅಲ್ಲಿನ ದುವೊಮೊಂ ಅಸ್ಥಿಮಂದಿರದಲ್ಲಿ ಒಟ್ಟಿಗೇ ಇಡಲಾಗಿದೆ. ಯಾವುದು ಫ್ರೆಂಚ್ ಮೂಳೆ, ಯಾವುದು ಜರ್ಮನ್ ಎಂದು ಬೇರ್ಪಡಿಸಲು ಯಾರಿಗೂ ಆಗಲಿಲ್ಲ. 1984ರ ಸೆಪ್ಟೆಂಬರ್ 22ರಂದು ಫ್ರೆಂಚ್ ಅಧ್ಯಕ್ಷ ಮಿತೆರಾಂ ಮತ್ತು ಜರ್ಮನ್ ಚಾನ್ಸಲರ್ ಹೆಲ್ಮುಟ್ ಕೋಲ್ ಅಲ್ಲಿ ಕೈ ಕೈ ಹಿಡಿದು ಮೌನವಾಗಿ ನಿಂತ ಚಿತ್ರ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಮಿತೆರಾಂ 1940ರಲ್ಲಿ ವರ್ಡನ್ ಬಳಿಯೇ ಗಾಯಗೊಂಡು ಜರ್ಮನ್ನರ ಸೆರೆಯಾಳಾಗಿದ್ದವರು. ಮಾತಿಗಿಂತ ಆ ಮೌನವೇ ಸೂಕ್ತವಾಗಿತ್ತು.

ಇಬ್ಬರಿಗೂ ಒಪ್ಪಿತವಾದ ಇತಿಹಾಸ

ಪಠ್ಯಪುಸ್ತಕದ ಕೆಲಸ ಇದೆಲ್ಲಕ್ಕಿಂತ ನಿಧಾನ. 1935ರಲ್ಲೇ ಎರಡೂ ದೇಶಗಳ ಇತಿಹಾಸದ ಉಪಾಧ್ಯಾಯರು ಸೇರಿ ವಿವಾದಿತ ವಿಷಯಗಳ ಪಟ್ಟಿ ಮಾಡಿ, ಎಲ್ಲಿ ಒಪ್ಪಿಗೆ, ಎಲ್ಲಿ ಇಲ್ಲ ಎಂದು ಬರೆದಿದ್ದರು. ಆದರೆ ಹಿಟ್ಲರನ ಜರ್ಮನಿಯಲ್ಲಿ ಅದಕ್ಕೆ ಬೆಲೆ ಎಲ್ಲಿಯದು? ಯುದ್ಧ ಮುಗಿದ ಮೇಲೆ ಬ್ರೌನ್‌ಶ್ವೈಗ್ ನಗರದ ಇತಿಹಾಸಕಾರ ಗಿಯೋರ್ಗ್ ಎಕರ್ಟ್ ಮತ್ತು ಫ್ರೆಂಚ್ ಸಹೋದ್ಯೋಗಿಗಳು ಆ ಹಳೆಯ ಕಾಗದಗಳನ್ನು ಹೊರತೆಗೆದರು. 1951ರಲ್ಲಿ ಹೊಸ ಶಿಫಾರಸುಗಳು ಸಿದ್ಧವಾದವು. ಎಕರ್ಟ್ ಹೆಸರಿನ ಪಠ್ಯಪುಸ್ತಕ ಸಂಶೋಧನಾ ಸಂಸ್ಥೆ ಇಂದಿಗೂ ಅಲ್ಲಿದೆ. 

ಮುಂದಿನ ಹೆಜ್ಜೆಯನ್ನು ಸೂಚಿಸಿದವರು ಮಕ್ಕಳೇ. ಎಲಿಸೀ ಒಪ್ಪಂದಕ್ಕೆ 40 ವರ್ಷ ತುಂಬಿದಾಗ, 2003ರಲ್ಲಿ, ಬರ್ಲಿನ್‌ನಲ್ಲಿ ಕೂಡಿದ ಎರಡೂ ದೇಶಗಳ ಪ್ರೌಢಶಾಲಾ ವಿದ್ಯಾರ್ಥಿಗಳ ಯುವ ಸಂಸತ್ತು, 'ನಮಗೆ ಒಂದೇ ಇತಿಹಾಸ ಪುಸ್ತಕ ಕೊಡಿ' ಎಂದು ಕೇಳಿತು. ಸರ್ಕಾರಗಳು ಒಪ್ಪಿದವು. 1945ರ ನಂತರದ ಕಾಲದ ಸಂಪುಟ 2006ರಲ್ಲಿ, 1815ರಿಂದ 1945ರವರೆಗಿನದು 2008ರಲ್ಲಿ, ಅದಕ್ಕೂ ಹಿಂದಿನ ಕಾಲದ್ದು 2011ರಲ್ಲಿ ಹೊರಬಂದವು. ಪುಟಕ್ಕೆ ಪುಟ, ಚಿತ್ರಕ್ಕೆ ಚಿತ್ರ ಒಂದೇ. ಭಾಷೆ ಮಾತ್ರ ಬೇರೆ. ಬರೆಯಲು ಕುಳಿತಾಗ ಹೆಚ್ಚು ಚರ್ಚೆ ನಡೆದದ್ದು ಎಲ್ಲರೂ ಊಹಿಸಿದಂತೆ ಮಹಾಯುದ್ಧಗಳ ಬಗ್ಗೆ ಅಲ್ಲ. ಅಮೆರಿಕ ಮತ್ತು ಕಮ್ಯುನಿಸಂ ಬಗ್ಗೆ! ಫ್ರೆಂಚರಿಗೆ ಅಮೆರಿಕ ಕಂಡ ಬಗೆ ಒಂದು, ಅದರ ಆಸರೆಯಲ್ಲಿ ಬೆಳೆದ ಪಶ್ಚಿಮ ಜರ್ಮನಿಯವರಿಗೆ ಕಂಡದ್ದು ಇನ್ನೊಂದು. ತಮ್ಮ ತಮ್ಮೊಳಗಿನ ಹಳೆಯ ಹಗೆಯ ವಿಚಾರದಲ್ಲಿ ವಿದ್ವಾಂಸರು ಅದಾಗಲೇ ಬಹುಮಟ್ಟಿಗೆ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು.

ಪುಸ್ತಕಕ್ಕೆ ಹೊಗಳಿಕೆ ಸಿಕ್ಕಿದಷ್ಟು ತರಗತಿಗಳು ಸಿಗಲಿಲ್ಲವೆಂಬುದನ್ನೂ ಹೇಳಬೇಕು. ಜರ್ಮನಿಯಲ್ಲಿ 16 ರಾಜ್ಯಗಳು, ಒಂದೊಂದಕ್ಕೂ ಒಂದೊಂದು ಪಠ್ಯಕ್ರಮ. ಪರೀಕ್ಷೆಗೆ ಹೊಂದದ ಪುಸ್ತಕವನ್ನು ಯಾವ ತಂದೆತಾಯಿ ಕೊಂಡಾರು? ಈ ಕಷ್ಟ ನಮಗೆ ಅಪರಿಚಿತವೇನಲ್ಲ. ಬಹುಮಟ್ಟಿಗೆ ಎರಡೂ ಭಾಷೆಗಳಲ್ಲಿ ಕಲಿಸುವ ಶಾಲೆಗಳೇ ಅದನ್ನು ಬಳಸಿದವು.

ಜರ್ಮನಿ ಮತ್ತು ಪೋಲೆಂಡ್ ನಡುವೆಯೂ ಇಂಥದೇ ಆಯೋಗ 1972ರಿಂದ ಕೆಲಸ ಮಾಡಿದೆ. ಅವರ ಜಂಟಿ ಪುಸ್ತಕದ ಮೊದಲ ಸಂಪುಟ 2016ರಲ್ಲಿ ಬಂದರೆ, ನಾಲ್ಕನೆಯದು 2020ರಲ್ಲಿ. ಆದರೂ 2022ರಲ್ಲಿ ಪೋಲೆಂಡಿನ ಆಗಿನ ಸರ್ಕಾರ ಎರಡನೆಯ ಮಹಾಯುದ್ಧದ ಪರಿಹಾರದ ಪ್ರಶ್ನೆಯನ್ನು ಮತ್ತೆ ಎತ್ತಿತು. ಪುಸ್ತಕ ಒಂದಾದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಫ್ರಾನ್ಸಿನ ಒಳಗೇ ಒಂದು ಗಾಯ ಬಹುಕಾಲ ಹಸಿಯಾಗಿತ್ತು. 1944ರ ಜೂನ್ 10ರಂದು ಓರಾದೂರ್-ಸುರ್-ಗ್ಲಾನ್ ಎಂಬ ಹಳ್ಳಿಯಲ್ಲಿ ನಾತ್ಸಿ ಎಸ್‌ಎಸ್ ಪಡೆ ಹೆಂಗಸರು ಮಕ್ಕಳೆನ್ನದೆ 640ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಸುಟ್ಟ ಊರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಹೊಸ ಊರು ಕಟ್ಟಿದ್ದಾರೆ. 1953ರ ವಿಚಾರಣೆಯಲ್ಲಿ ಆರೋಪಿಗಳ ಕಟಕಟೆಯಲ್ಲಿ ನಿಂತವರಲ್ಲಿ 14 ಮಂದಿ ಅಲ್ಸೇಸಿನವರು. ಒಬ್ಬನ ಹೊರತು ಎಲ್ಲರೂ ಬಲವಂತದಿಂದ ಸೇನೆ ಸೇರಿದವರು. ಶಿಕ್ಷೆಯಾಯಿತೆಂದು ಅಲ್ಸೇಸ್ ಕೆರಳಿತು. ಸಂಸತ್ತು ಕ್ಷಮಾದಾನದ ಕಾನೂನು ಮಾಡಿತೆಂದು ಓರಾದೂರ್ ಕೆರಳಿತು. ಎರಡು ಕಡೆಯ ದುಃಖವೂ ನಿಜ. 2013ರ ಸೆಪ್ಟೆಂಬರ್ 4ರಂದು ಜರ್ಮನ್ ಅಧ್ಯಕ್ಷ ಯೋಆಕಿಮ್ ಗೌಕ್ ಆ ಹಾಳೂರಿಗೆ ಬಂದರು. ಅಂಥ ಹುದ್ದೆಯ ಜರ್ಮನ್ ಒಬ್ಬರು ಅಲ್ಲಿಗೆ ಕಾಲಿಡಲು 69 ವರ್ಷ ಹಿಡಿಯಿತು.

ಸ್ಟ್ರಾಸ್‌ಬರ್ಗ್‌ನ ಎದುರು, ರೈನ್ ನದಿಯ ಆಚೆ ದಂಡೆಯಲ್ಲಿ ಕೇಲ್ ಎಂಬ ಜರ್ಮನ್ ಪಟ್ಟಣವಿದೆ. ಎರಡನ್ನೂ ಕೂಡಿಸುವ ಸೇತುವೆಗಳನ್ನು 1870ರಲ್ಲಿ, 1940ರಲ್ಲಿ, 1944ರಲ್ಲಿ ಒಬ್ಬರಲ್ಲ ಒಬ್ಬರು ಸಿಡಿಸಿದರು. ಎರಡನೆಯ ಮಹಾಯುದ್ಧದ ನಂತರ ಕೇಲ್ ಪಟ್ಟಣವನ್ನು ಫ್ರೆಂಚರು ತಮ್ಮ ವಶಕ್ಕೆ ತೆಗೆದುಕೊಂಡರು. ಊರು ಬಿಟ್ಟಿದ್ದ ಮೂಲನಿವಾಸಿಗಳೆಲ್ಲ ಮರಳಲು 1953ರವರೆಗೆ ಕಾಯಬೇಕಾಯಿತು. 2004ರಲ್ಲಿ ಅಲ್ಲಿ ಕಾಲ್ನಡಿಗೆಯ ಸೇತುವೆ ಬಂತು. 2014ರಲ್ಲಿ ನದಿಯ ಫ್ರೆಂಚ್ ದಂಡೆಯಲ್ಲಿ ಎರಡೂ ಊರಿನ ಎಳೆಯ ಮಕ್ಕಳಿಗಾಗಿ ಒಂದು ಶಿಶುವಿಹಾರ ತೆರೆಯಿತು. 60 ಮಕ್ಕಳಿಗೆ ಜಾಗ, ಆಚೆಯವರು 30, ಈಚೆಯವರು 30. 2017ರಿಂದ ಸ್ಟ್ರಾಸ್‌ಬರ್ಗ್‌ನ ಟ್ರಾಮ್ ನದಿ ದಾಟಿ ಕೇಲ್‌ವರೆಗೆ ಓಡುತ್ತದೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಜರ್ಮನಿ ಗಡಿಯಲ್ಲಿ ತಪಾಸಣೆ ಹಾಕಿ ದಾರಿ ಬಿಗಿ ಮಾಡಿತು. ಸೇತುವೆಯ ಮೇಲೆ ಮತ್ತೆ ಪೊಲೀಸರು ನಿಂತರು, ಟ್ರಾಮ್ ನಿಂತುಹೋಯಿತು. ಕೆಲಸಕ್ಕೆ ಹೋಗುವ ಫ್ರೆಂಚರನ್ನು ಕೆಲವರು ಬೈದದ್ದೂ ಉಂಟು. ಹಳೆಯ ಮಾತುಗಳು ಎಷ್ಟು ಬೇಗ ನಾಲಿಗೆಗೆ ಬರುತ್ತವೆ! ಅದೇ ತಿಂಗಳು ಅಲ್ಸೇಸಿನ ಆಸ್ಪತ್ರೆಗಳಲ್ಲಿ ಹಾಸಿಗೆ ತೀರಿದಾಗ, ಉಸಿರಿಗಾಗಿ ಒದ್ದಾಡುತ್ತಿದ್ದ ರೋಗಿಗಳನ್ನು ನದಿಯಾಚೆಯ ಜರ್ಮನ್ ಆಸ್ಪತ್ರೆಗಳು ಸೇರಿಸಿಕೊಂಡವು. ಗಡಿ ಮತ್ತೆ ತೆರೆದ ಮೇಲೆ ಟ್ರಾಮ್ ಓಡತೊಡಗಿತು.

ದೋದೆಯ ಕಥೆ ಈಗಲೂ ಪಾಠವಾಗಿದೆ. ಬೆತಾನಿಯೆಯ ಆ 'ಕಪ್ಪು ಕಲೆ' ವರ್ಣಚಿತ್ರ ಇರುವುದು ಫ್ರಾನ್ಸಿನಲ್ಲಿ ಅಲ್ಲ, ಬರ್ಲಿನ್‌ನ ಜರ್ಮನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ.